ಇವಿ ಸರ್ವಿಸಿಗೆ ಬಿಟ್ಟಾಗ ಸಿಗೋ ಕರ್ಟಸಿ ಕಾರು: ಕಾಲಿನ ಅಭ್ಯಾಸ, ಕಾಗದದ ಲೆಕ್ಕ

ಪ್ರಶ್ನೆ: ಸರ್, ನಾನಿರೋದು ಶಿವಮೊಗ್ಗ, ತೀರ್ಥಹಳ್ಳಿ ಕಾಲೇಜಲ್ಲಿ ಪಾಠ ಮಾಡ್ತೀನಿ, ದಿನಾ ಕಾರಲ್ಲೇ ಓಡಾಟ. ಮೂರೂವರೆ ವರ್ಷದಿಂದ ಎಲೆಕ್ಟ್ರಿಕ್ ಕಾರೇ ಓಡಿಸ್ತಿರೋದು, ಡ್ರೈವಿಂಗ್ ಸ್ಕೂಲ್ ಬಿಟ್ರೆ ಗೇರ್ ಗಾಡಿ ಮುಟ್ಟೇ ಇಲ್ಲ. ಈಗ ಬ್ಯಾಟರಿ ಪ್ಯಾಕಲ್ಲಿ ದೋಷ ಇದೆ ಅಂತ ವಾರಂಟಿಲಿ ಬದಲಾಯಿಸ್ತಾರಂತೆ, ಮೂರು ವಾರ ಆಗುತ್ತೆ ಅಂದ್ರು. ಅಲ್ಲಿ ತನಕ ಒಂದು ಪೆಟ್ರೋಲ್ ಮ್ಯಾನ್ಯುಯಲ್ ಗಾಡಿ ಕೊಡ್ತೀವಿ, ದಿನಕ್ಕಿಷ್ಟು ಅಂತ ಚಾರ್ಜ್ ಕೊಡಿ ಅಂತಿದಾರೆ. ತಿಂಗಳಿಗೊಂದ್ಸಲ ಆಗುಂಬೆ ಘಾಟಿ ಇಳಿದು ಹೆಬ್ರಿಗೆ ಅಮ್ಮನ ಮನೆಗೂ ಹೋಗ್ಬೇಕು. ಗಾಡಿ ತಗೊಳ್ಳಲಾ ಬೇಡ್ವಾ? ಎಲ್ಲಾದ್ರೂ ತಾಗಿಸಿದ್ರೆ ದುಡ್ಡು ಯಾರು ಕೊಡ್ಬೇಕು? ಇವಿನೇ ಕೊಡಿ ಅಂತ ಕೇಳೋ ಹಕ್ಕಿದ್ಯಾ?

ಉತ್ತರ: ಮೇಡಂ, ನಿಮ್ಮ ಪ್ರಶ್ನೆ ಓದಿದ ತಕ್ಷಣ ನಂಗೆ ಎರಡು ವಿಷಯಕ್ಕೆ ಆತಂಕ ಆಯ್ತು, ಒಂದು "ಗೇರ್ ಗಾಡಿ ಮುಟ್ಟೇ ಇಲ್ಲ" ಅನ್ನೋ ಮಾತು, ಇನ್ನೊಂದು "ದಿನಕ್ಕಿಷ್ಟು ಚಾರ್ಜ್" ಅನ್ನೋ ಮಾತು. ಗೀರು ಬಿದ್ರೆ ಯಾರು ಕೊಡ್ಬೇಕು ಅನ್ನೋದು ಆಮೇಲಿನ ಮಾತು, ಈ ಎರಡು ಮೊದಲು ಬಗೆಹರಿಬೇಕು. ಹಲವು ವರ್ಷ ಸರ್ವಿಸ್ ಫ್ಲೋರಲ್ಲಿ ಕೆಲಸ ಮಾಡಿದೀನಿ, ಗಿರಾಕಿಗಳಿಗೆ ಬದಲಿ ಗಾಡಿ ಕೀ ಕೊಟ್ಟು ಕಳಿಸಿದೀನಿ, ನಾನೂ ಇವಿ ಇಟ್ಕೊಂಡು ಬದಲಿ ಗಾಡೀಲಿ ಓಡಾಡಿದೀನಿ, ಆದ್ರಿಂದ ಎರಡೂ ಕಡೆಯಿಂದ ಕಂಡಿದ್ದನ್ನ ಬರೀತಿದೀನಿ, ಸ್ವಲ್ಪ ಉದ್ದ ಆಗುತ್ತೆ.

ಮೊದಲು ಕಾಲಿನ ವಿಷಯ. ಇವಿ ಓಡಿಸೋರ ಬಲಗಾಲು ಒಂದು ಪಾಠ ಕಲ್ತಿರುತ್ತೆ, ಆಕ್ಸಿಲರೇಟರ್ ಬಿಟ್ರೆ ಗಾಡಿ ನಿಧಾನ ಆಗುತ್ತೆ ಅಂತ. ಮೋಟಾರೇ ಆಗ ಜನರೇಟರ್ ಆಗಿ ಚಕ್ರದ ಓಟದಿಂದ ಕರೆಂಟ್ ಮಾಡಿ ಬ್ಯಾಟರಿಗೆ ವಾಪಸ್ ಕಳಿಸುತ್ತೆ, ಆ ಎಳೆತಕ್ಕೆ ಗಾಡಿ ವೇಗ ಇಳಿಯುತ್ತೆ, ಇದಕ್ಕೇ ರೀಜೆನ್ ಅನ್ನೋದು, ಅದನ್ನ ಜಾಸ್ತಿ ಇಟ್ಕೊಂಡಿದ್ರಂತೂ ಬ್ರೇಕ್ ಪೆಡಲ್ ಮುಟ್ಟದೇನೇ ಸಿಗ್ನಲ್ ತನಕ ಬಂದು ಹೆಚ್ಚೂಕಮ್ಮಿ ನಿಂತೇ ಬಿಡುತ್ತೆ. ಮೂರೂವರೆ ವರ್ಷದಲ್ಲಿ ಇದು ಯೋಚನೆ ಮಾಡಿ ಮಾಡೋ ಕೆಲಸ ಆಗಿ ಉಳಿದಿರಲ್ಲ, ಕಾಲೇ ಮಾಡ್ತಿರುತ್ತೆ. ಅದೇ ಕಾಲನ್ನ ತಗೊಂಡು ಹೋಗಿ ಪೆಟ್ರೋಲ್ ಗಾಡೀಲಿ ಕೂರಿಸಿದ್ರೆ, ಮುಂದೆ ಬಸ್ಸು ನಿಂತಿದ್ದು ಕಂಡ ತಕ್ಷಣ ಕಾಲು ಆಕ್ಸಿಲರೇಟರ್ ಬಿಡುತ್ತೆ ಅಷ್ಟೇ, ಬ್ರೇಕ್ ಕಡೆ ಹೋಗಲ್ಲ. ಟಾಪ್ ಗೇರಲ್ಲಿರೋ ಪೆಟ್ರೋಲ್ ಗಾಡಿಗೆ ಎಂಜಿನ್ ಹಿಡಿತ ತೀರಾ ಕಮ್ಮಿ, ಅದು ಮುಂದಕ್ಕೆ ಹೋಗ್ತಾನೇ ಇರುತ್ತೆ.

ನಂಗೇ ಆಗಿದ್ದು ಹೇಳ್ತೀನಿ. ನನ್ನ ಕಾರು ಸರ್ವಿಸಿಗೆ ಬಿಟ್ಟು, ಅವರು ಕೊಟ್ಟ ಪೆಟ್ರೋಲ್ ಗಾಡೀಲಿ ತುಮಕೂರು ರಸ್ತೇಲಿ ಗೊರಗುಂಟೆಪಾಳ್ಯದ ಕಡೆ ಬರ್ತಿದ್ದೆ, ಸಂಜೆ ಟ್ರಾಫಿಕ್ಕು, ಸ್ಪೀಡ್ 35 ಕೂಡ ಇರ್ಲಿಲ್ಲ. ಮುಂದಿನ ಆಟೋ ನಿಂತ. ಕಾಲು ಎತ್ತಿದೆ. ಗಾಡಿ ನಿಲ್ತಾ ಇಲ್ಲ. ಗಾಡಿಗೆ ಏನೋ ಆಗಿದೆ, ಬ್ರೇಕ್ ಹೋಗಿದೆ ಅಂತ ಒಂದು ಕ್ಷಣ ಅನ್ನಿಸ್ತು ನೋಡಿ, ಆ ಒಂದು ಕ್ಷಣವೇ ಅಪಾಯ, ಯಾಕಂದ್ರೆ ನಾನು ಬ್ರೇಕ್ ಒತ್ತೇ ಇರ್ಲಿಲ್ಲ. ಒತ್ತಿದಾಗ ಆಟೋ ಹಿಂದಿನ ಬಂಪರಿಗೂ ನನ್ನ ನಂಬರ್ ಪ್ಲೇಟಿಗೂ ಒಂದು ಗೇಣು ಉಳಿದಿತ್ತು, ಆಟೋ ಒಳಗೆ ಸ್ಕೂಲ್ ಮಕ್ಕಳು, ಹಿಂದಿನ ಸೀಟಲ್ಲಿ ಒಬ್ಬ ಹುಡುಗ ತಿರುಗಿ ನನ್ನ ಕಡೇನೇ ನೋಡ್ತಿದ್ದ, ಅವನ ಮುಖ ಇನ್ನೂ ನೆನಪಿದೆ. ಶೋರೂಮ್ ಗೇಟ್ ಬಿಟ್ಟು ಹತ್ತು ನಿಮಿಷ ಆಗಿತ್ತಷ್ಟೇ. ಆಮೇಲೆ ಬೇರೆ ಗಿರಾಕಿಗಳನ್ನ ಕೇಳಿದಾಗ್ಲೂ ಅವರು ಹೇಳಿದ್ದು ಬಹುಪಾಲು ಇದೇ, ಮೊದಲ ಅರ್ಧ ಗಂಟೆ, ಕಮ್ಮಿ ಸ್ಪೀಡು, ಮುಂದಿನ ಗಾಡಿ ನಿಲ್ಲೋದು.

ಅದಕ್ಕೆ ನಾನು ಹೇಳೋದು, ಗಾಡಿ ತಗೊಂಡ ತಕ್ಷಣ ಊರೊಳಗೆ ನುಗ್ಬೇಡಿ. ಊರಾಚೆ ಯಾವುದಾದ್ರೂ ಖಾಲಿ ಲೇಔಟಿಗೆ ಹೋಗಿ, ಜೊತೇಲಿ ಗೇರ್ ಗಾಡಿ ಚೆನ್ನಾಗಿ ಗೊತ್ತಿರೋರು ಒಬ್ರು ಇರ್ಲಿ, ಅಲ್ಲಿ ತನಕ ಅವರೇ ಓಡಿಸ್ಲಿ. ಮೊದಲ ಕೆಲಸ, ಆಕ್ಸಿಲರೇಟರ್ ಮುಟ್ಟದೇ ಬರೀ ಕ್ಲಚ್ಚಲ್ಲಿ ಗಾಡಿ ಎಬ್ಬಿಸೋದು. ಸಮತಟ್ಟು ಜಾಗ, ಫಸ್ಟ್ ಗೇರು, ಕ್ಲಚ್ಚನ್ನ ಪೂರ್ತಿ ಒತ್ತಿ, ಆಮೇಲೆ ಹಿಮ್ಮಡಿ ನೆಲಕ್ಕೆ ಊರಿ ಒಂದೊಂದೇ ಎಳೆ ಬಿಡ್ತಾ ಬನ್ನಿ, ಒಂದು ಕಡೆ ಸ್ಟೀರಿಂಗಲ್ಲಿ ಸಣ್ಣ ನಡುಕ ಬರುತ್ತೆ, ಎಂಜಿನ್ ಸದ್ದು ಸ್ವಲ್ಪ ತಗ್ಗುತ್ತೆ, ಬಾನೆಟ್ ಒಂದು ಕೂದಲೆಳೆ ಮೇಲೆದ್ದ ಹಾಗೆ ಕಾಣುತ್ತೆ. ಅಲ್ಲಿ ಕಾಲು ಹಿಡೀರಿ. ಗಾಡಿ ತಾನೇ ಮುಂದಕ್ಕೆ ತೆವಳುತ್ತೆ. ಆ ಜಾಗ ಒಂದೊಂದು ಗಾಡೀಲಿ ಒಂದೊಂದು ಎತ್ತರದಲ್ಲಿ ಇರುತ್ತೆ, ಹಳೇ ಕ್ಲಚ್ಚಾದ್ರೆ ತೀರಾ ಮೇಲೆ, ಇದನ್ನ ಇಪ್ಪತ್ತು ಸಲ ಮಾಡಿದ್ರೆ ನಿಮ್ಮ ಕಾಲಿಗೆ ಆ ಗಾಡಿ ಪರಿಚಯ ಆಗುತ್ತೆ. ಎರಡನೇ ಕೆಲಸ, 40ರಲ್ಲಿ ಹೋಗ್ತಾ ಆಕ್ಸಿಲರೇಟರ್ ಬಿಟ್ಟು, ಬ್ರೇಕ್ ಮುಟ್ಟದೇ, ಗಾಡಿ ಎಷ್ಟು ದೂರ ಹೋಗುತ್ತೆ ಅಂತ ಬರೀ ನೋಡಿ. ಆ ದೂರ ಕಣ್ಣಲ್ಲಿ ಕಂಡ್ರೇನೇ ಮನಸ್ಸಿಗೆ ಹೋಗೋದು. ಮೂರನೇದು, ಕಾಲು ಆಕ್ಸಿಲರೇಟರ್ ಬಿಟ್ಟ ತಕ್ಷಣ ಬ್ರೇಕ್ ಪೆಡಲ್ ಮೇಲೆ ಹೋಗಿ ಕೂರೋ ಅಭ್ಯಾಸ, ಒತ್ಬೇಕಾಗಿಲ್ಲ, ಮೇಲಿದ್ರೆ ಸಾಕು. ಬಾಯಲ್ಲಿ "ಬ್ರೇಕ್" ಅಂತ ಹೇಳ್ಕೊಂಡು ಮಾಡಿ, ನಾನು ಕಲಿಸೋರಿಗೆಲ್ಲ ಹಾಗೇ ಮಾಡಿಸ್ತೀನಿ, ಕೆಲಸ ಮಾಡುತ್ತೆ.

ಓವರ್‌ಟೇಕ್ ಇನ್ನೊಂದು. ಶಿವಮೊಗ್ಗ ತೀರ್ಥಹಳ್ಳಿ ರಸ್ತೆ ನಿಮಗೇ ಗೊತ್ತು, ಗಾಜನೂರು ದಾಟಿ ಮಂಡಗದ್ದೆ ಕಡೆ ಹೋಗ್ತಾ ಎಷ್ಟು ತಿರುವು, ಮುಂದೆ ಲೋಡ್ ಲಾರಿ ಸಿಕ್ರೆ ದಾಟೋಕೆ ಸಿಗೋ ನೇರ ರಸ್ತೆ ಎಷ್ಟು ಚಿಕ್ಕದು. ಇವಿಲಿ ಪೆಡಲ್ ಒತ್ತಿದ ಕ್ಷಣವೇ ಪೂರ್ತಿ ಟಾರ್ಕ್, ಅಂದ್ರೆ ಚಕ್ರ ತಿರುಗಿಸೋ ಬಲ, ಸಿಗುತ್ತೆ. ಉದಾಹರಣೆಗೆ ಹೇಳ್ಬೇಕಂದ್ರೆ 2020ರಲ್ಲಿ ಬಂದ ಮೊದಲ ನೆಕ್ಸಾನ್ ಇವಿಗೆ 245 ನ್ಯೂಟನ್ ಮೀಟರ್, ಅದೂ ನಿಂತಲ್ಲಿಂದಾನೇ, ಬಲೆನೋ ತರದ 1.2 ಲೀಟರ್ ಪೆಟ್ರೋಲಿಗೆ 113, ಅದೂ ಎಂಜಿನ್ 4400 ಆರ್‌ಪಿಎಂ ಮುಟ್ಟಿದ ಮೇಲೆ. ಅರ್ಧಕ್ಕಿಂತ ಕಮ್ಮಿ, ಮತ್ತೆ ತಡವಾಗಿ. ನಿಮ್ಮ ಕಣ್ಣು "ಇಷ್ಟು ಜಾಗ ಸಾಕು" ಅಂತ ಅಳೆಯೋದು ಇವಿ ಲೆಕ್ಕದಲ್ಲಿ, ಗಾಡಿ ಹೋಗೋದು ಪೆಟ್ರೋಲ್ ಲೆಕ್ಕದಲ್ಲಿ. ಮೊದಲ ವಾರ ಓವರ್‌ಟೇಕೇ ಬೇಡ, ಹತ್ತು ನಿಮಿಷ ಬೇಗ ಮನೆ ಬಿಡಿ. ಆಮೇಲೆ ಮಾಡೋದಾದ್ರೂ ಗೇರ್ ಒಂದು ಕೆಳಗೆ ಹಾಕಿ ಎಂಜಿನ್ ಎದ್ದ ಮೇಲೇನೇ ಬಲಕ್ಕೆ ತೆಗೀರಿ, ಬಲಕ್ಕೆ ತೆಗೆದ ಮೇಲೆ ಗೇರ್ ಹುಡುಕಬಾರದು.

ಈಗ ಆಗುಂಬೆ. ಇಲ್ಲಿ ನೇರವಾಗಿ ಹೇಳ್ತೀನಿ, ಈ ಮೂರು ವಾರದಲ್ಲಿ ಆ ಗಾಡೀಲಿ ನೀವು ಒಬ್ರೇ ಘಾಟಿ ಇಳೀಬೇಡಿ. ಬಸ್ಸಿದೆ, ಅಮ್ಮನ ಮನೆಗೆ ಬಸ್ಸಲ್ಲಿ ಹೋಗಿ ಬನ್ನಿ. 14 ಹೇರ್‌ಪಿನ್ ತಿರುವು, ಕಿರಿದಾದ ರಸ್ತೆ, ಎದುರಿಂದ ಮಿನಿ ಬಸ್ಸು ಬಂದ್ರೆ ಏರಲ್ಲಿ ನಿಲ್ಸಿ ಮತ್ತೆ ಎಬ್ಬಿಸ್ಬೇಕು, ಮಳೆಗಾಲ ಆದ್ರೆ ಮಂಜು ಬೇರೆ. ಇವಿಲಿ ಘಾಟಿ ಇಳಿಯೋದು ಬಹಳ ಸುಖ, ರೀಜೆನ್ನೇ ಹಿಡ್ಕೊಂಡು ಇಳಿಸುತ್ತೆ, ಬ್ಯಾಟರಿ ಪೂರ್ತಿ ತುಂಬಿದ್ರೆ ಮಾತ್ರ ಆ ಹಿಡಿತ ಕಮ್ಮಿ ಆಗುತ್ತೆ. ಪೆಟ್ರೋಲ್ ಗಾಡೀಲಿ ಆ ಕೆಲಸ ಗೇರ್ ಮಾಡ್ಬೇಕು. ಯಾವ ಗೇರಲ್ಲಿ ಹತ್ತುತ್ತೀವೋ ಅದೇ ಗೇರಲ್ಲಿ ಇಳೀಬೇಕು ಅಂತ ಹಳೇ ಡ್ರೈವರುಗಳು ಹೇಳ್ತಾರಲ್ಲ, ಅದು ನೂರಕ್ಕೆ ನೂರು ಸರಿ, ಅಲ್ಲಿ ಸೆಕೆಂಡ್ ಗೇರು, ಚೂಪಾದ ತಿರುವಲ್ಲಿ ಫಸ್ಟು. ಬರೀ ಬ್ರೇಕ್ ಮೇಲೆ ಕಾಲಿಟ್ಕೊಂಡು ಇಳಿದ್ರೆ ಪ್ಯಾಡೂ ಡಿಸ್ಕೂ ಕಾದು ಹಿಡಿತ ಬಿಡುತ್ತೆ, ಸುಟ್ಟ ವಾಸನೆ ಬರುತ್ತೆ, ಪೆಡಲ್ ಒತ್ತಿದ್ರೂ ಗಾಡಿ ಕೇಳಲ್ಲ. ಇನ್ನು ಕೆಲವರು ಪೆಟ್ರೋಲ್ ಉಳಿಯುತ್ತೆ ಅಂತ ನ್ಯೂಟ್ರಲ್ಲಿಗೆ ಹಾಕೋದು, ಎಂಜಿನ್ನೇ ಆಫ್ ಮಾಡೋದು ಮಾಡ್ತಾರೆ, ದಯವಿಟ್ಟು ಆ ಮಾತು ಯಾರು ಹೇಳಿದ್ರೂ ಕೇಳ್ಬೇಡಿ. ಈಗಿನ ಇಂಜೆಕ್ಷನ್ ಗಾಡಿಗಳಲ್ಲಿ ಗೇರಲ್ಲೇ ಇದ್ದು ಕಾಲು ಬಿಟ್ಟು ಇಳಿದ್ರೆ ಪೆಟ್ರೋಲ್ ಸಪ್ಲೈನೇ ಕಟ್ ಆಗುತ್ತೆ, ನ್ಯೂಟ್ರಲ್ಲಲ್ಲಿ ಎಂಜಿನ್ ಐಡಲ್ ಓಡೋಕೆ ಪೆಟ್ರೋಲ್ ಬೇಕಾಗುತ್ತೆ, ಅಂದ್ರೆ ಉಳಿತಾಯಾನೂ ಇಲ್ಲ. ಎಂಜಿನ್ ಆಫ್ ಆದ್ರೆ ಬ್ರೇಕ್ ಬೂಸ್ಟರಲ್ಲಿ ಉಳಿದ ವ್ಯಾಕ್ಯೂಮ್ ಎರಡು ಮೂರು ಸಲ ಒತ್ತೋ ಅಷ್ಟರಲ್ಲಿ ಮುಗಿಯುತ್ತೆ, ಆಮೇಲೆ ಪೆಡಲ್ ಕಲ್ಲಾಗುತ್ತೆ, ಪವರ್ ಸ್ಟೀರಿಂಗೂ ಇರಲ್ಲ.

ಕಾನೂನು ಪ್ರಕಾರ ನಿಮ್ಮ ಎಲ್‌ಎಂವಿ ಲೈಸೆನ್ಸಲ್ಲಿ ಗೇರ್ ಗಾಡಿ ಓಡಿಸ್ಬಹುದು, ನಮ್ಮಲ್ಲಿ ಆಟೋಮ್ಯಾಟಿಕ್ಕಿಗೆ ಬೇರೆ ಮ್ಯಾನ್ಯುಯಲ್ಲಿಗೆ ಬೇರೆ ಅಂತ ಇಲ್ಲ. ಆದ್ರೆ ಲೈಸೆನ್ಸ್ ಇರೋದೂ ಕೈಕಾಲಿಗೆ ಬರೋದೂ ಬೇರೆ ಬೇರೆ. ಅದಕ್ಕೇ ನಿಮ್ಮ ಮೊದಲ ಬೇಡಿಕೆ "ಆಟೋಮ್ಯಾಟಿಕ್ ಆದ್ರೂ ಕೊಡಿ" ಅಂತ ಇರ್ಲಿ, ಎಡಗಾಲಿನ ತಲೆನೋವು ತಪ್ಪುತ್ತೆ. ಅದರಲ್ಲೂ ಎಎಂಟಿ (ಮ್ಯಾನ್ಯುಯಲ್ ಗೇರ್ ಬಾಕ್ಸನ್ನೇ ಗಾಡಿ ತಾನಾಗಿ ಬದಲಾಯಿಸೋ ತರದ್ದು) ಗಾಡಿ ಕೊಟ್ರೆ ಹಿಲ್ ಹೋಲ್ಡ್ ಇದ್ಯಾ ಕೇಳಿ, ಇಲ್ಲ ಅಂದ್ರೆ ಏರಲ್ಲಿ ಬ್ರೇಕ್ ಬಿಟ್ಟ ತಕ್ಷಣ ಹಿಂದಕ್ಕೆ ಜಾರುತ್ತೆ, ಹ್ಯಾಂಡ್ ಬ್ರೇಕ್ ಹಾಕಿ ಎಬ್ಬಿಸ್ಬೇಕು.

ಇವಿನೇ ಕೊಡಿ ಅನ್ನೋ ಹಕ್ಕಿದ್ಯಾ ಅಂದ್ರಿ. ಇಲ್ಲ. ಬದಲಿ ಗಾಡಿ ಕೊಡ್ಲೇಬೇಕು ಅನ್ನೋ ಕಾನೂನೇ ನಮ್ಮ ದೇಶದಲ್ಲಿಲ್ಲ, ಅದು ಕಂಪನಿ ಪಾಲಿಸಿ, ಡೀಲರ್ ಮನಸ್ಸು, ನಿಮ್ಮ ವಾರಂಟಿ ಬುಕ್ಕಲ್ಲಿ ಏನು ಬರೆದಿದೆ ಅನ್ನೋದರ ಮೇಲೆ. ಆದ್ರೂ ಕೇಳಿ, ಕೇಳೋ ರೀತೀಲಿ ಕೇಳಿ. ಎಷ್ಟೋ ಡೀಲರುಗಳ ಹತ್ರ ಟೆಸ್ಟ್ ಡ್ರೈವಿಗೆ ಇಟ್ಟಿರೋ ಡೆಮೋ ಇವಿ ಇರುತ್ತೆ, ಮ್ಯಾನೇಜರ್ ಮನಸ್ಸು ಮಾಡಿದ್ರೆ ಅದನ್ನ ಕೊಡಿಸ್ಬಹುದು. ಜಾಬ್ ಕಾರ್ಡ್ (ಗಾಡಿ ಬಿಟ್ಟಾಗ ಸರ್ವಿಸ್ ಸೆಂಟರಿನೋರು ಬರೆದುಕೊಡೋ ಚೀಟಿ) ನಂಬರ್, ಗಾಡಿ ಬಿಟ್ಟ ತಾರೀಕು, ದೋಷ ಏನು, ಎಷ್ಟು ದಿನ ಅಂದಿದಾರೆ, ನೀವು ಗೇರ್ ಗಾಡಿ ಓಡಿಸೋರಲ್ಲ ಅನ್ನೋದು, ಇಷ್ಟನ್ನ ಡೀಲರಿಗೂ ಕಂಪನಿ ಕಸ್ಟಮರ್ ಕೇರಿಗೂ ಒಂದೇ ಇಮೇಲಲ್ಲಿ ಬರೀರಿ. ಇವಿ ಇಲ್ಲ ಅಂದ್ರೆ ಆಟೋಮ್ಯಾಟಿಕ್, ಅದೂ ಇಲ್ಲ ಅಂದ್ರೆ ಕ್ಯಾಬ್ ಖರ್ಚು ಅಂತ ಕೇಳಿ. ಫೋನಲ್ಲಿ ಆಡಿದ ಮಾತಿಗೆ ಸಾಕ್ಷಿ ಇರಲ್ಲ. ಹೇಳಿದ ದಿನ ದಾಟಿ ವಾರಗಟ್ಟಲೆ ಎಳೆದ್ರೆ ಸೇವಾ ನ್ಯೂನತೆ ಅಂತ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಹೇಳ್ಬಹುದು, ಆಗ ಆ ಇಮೇಲೇ ನಿಮ್ಮ ಆಧಾರ. ಮೂರು ವಾರ ಅಂದಿದ್ದಕ್ಕೆ ಕಾರಣಾನೂ ಇರುತ್ತೆ ಅನ್ನೋದು ನ್ಯಾಯವಾಗಿ ಹೇಳ್ಬೇಕು, ಲಿಥಿಯಂ ಬ್ಯಾಟರಿ ಪ್ಯಾಕ್ ಸಾಗಾಟದ ನಿಯಮದಲ್ಲಿ ಅಪಾಯಕಾರಿ ಸರಕು, ಕೆಟ್ಟಿರೋದನ್ನ ವಿಮಾನದಲ್ಲಿ ಕಳಿಸೋ ಹಾಗೇ ಇಲ್ಲ, ರಸ್ತೆ ಮೇಲೇನೇ ಹೋಗಿ ಬರ್ಬೇಕು. ಇನ್ಶೂರೆನ್ಸಲ್ಲಿ ಡೈಲಿ ಅಲೊವೆನ್ಸ್ ಆ್ಯಡ್-ಆನ್ ತಗೊಂಡಿದೀನಿ ಅದರಿಂದ ಬರುತ್ತೆ ಅಂತ ಕೆಲವರು ಅಂದ್ಕೊಂಡಿರ್ತಾರೆ, ಅದು ಸಾಮಾನ್ಯವಾಗಿ ಆ್ಯಕ್ಸಿಡೆಂಟ್ ಕ್ಲೇಮಲ್ಲಿ ಗಾಡಿ ನಿಂತಾಗ ಮಾತ್ರ, ವಾರಂಟಿ ರಿಪೇರಿಗೆ ಬರಲ್ಲ.

ಈಗ ನಂಗೆ ಅತಿ ಮುಖ್ಯ ಅನ್ನಿಸೋ ವಿಷಯ, ಆ ದಿನದ ಚಾರ್ಜು. ಬಿಳಿ ಬೋರ್ಡಿನ ಖಾಸಗಿ ಕಾರಿನ ಇನ್ಶೂರೆನ್ಸ್ ಪಾಲಿಸೀಲಿ "ಬಳಕೆಯ ಮಿತಿ" ಅಂತ ಒಂದು ಭಾಗ ಇರುತ್ತೆ, ಯಾರೂ ಓದಲ್ಲ. ಬಾಡಿಗೆಗೆ ಅಥವಾ ಪ್ರತಿಫಲಕ್ಕೆ ಓಡಿಸಿದ್ರೆ ಕವರ್ ಇಲ್ಲ ಅಂತ ಅಲ್ಲಿ ಸ್ಪಷ್ಟವಾಗಿರುತ್ತೆ, ಅದೇ ಪಟ್ಟೀಲಿ ಮೋಟಾರು ವ್ಯಾಪಾರಕ್ಕೆ ಸಂಬಂಧಪಟ್ಟ ಬಳಕೆಗೂ ಇಲ್ಲ ಅಂತಿರುತ್ತೆ. ಹಾಗಾದ್ರೆ ಡೀಲರು ತನ್ನ ಗಿರಾಕಿಗೆ ಕೊಟ್ಟ ಗಾಡಿಗೆ ದಿನಕ್ಕಿಷ್ಟು ಅಂತ ರಸೀದಿ ಹರಿದ್ರೆ ಅದು ಬಾಡಿಗೆ ಆಗುತ್ತಾ ಇಲ್ವಾ? ಮೇಂಟೆನೆನ್ಸ್ ಅಂತ ಹೆಸರಿಟ್ರೂ, ಆ್ಯಕ್ಸಿಡೆಂಟ್ ಆದ ದಿನ ಇನ್ಶೂರೆನ್ಸ್ ಕಂಪನಿಯೋರು ಆ ರಸೀದಿ ಹಿಡ್ಕೊಂಡೇ ಕ್ಲೇಮ್ ತಳ್ಳಿಹಾಕೋಕೆ ದಾರಿ ಸಿಗುತ್ತೆ. ಬಾಡಿಗೆಗೆ ಸೆಲ್ಫ್ ಡ್ರೈವ್ ಕೊಡೋ ಗಾಡಿಗೆ ಕಪ್ಪು ಬೋರ್ಡು ಹಳದಿ ಅಕ್ಷರ ಇರುತ್ತೆ, ಅದರ ಪರ್ಮಿಟ್ಟೂ ಇನ್ಶೂರೆನ್ಸೂ ಬೇರೆ. ಆದ್ರಿಂದ ಬಿಳಿ ಬೋರ್ಡಾದ್ರೆ ಒಂದು ಪೈಸೆನೂ ಕೊಡ್ಬೇಡಿ, ಉಚಿತವಾಗಿ ಕೊಟ್ಟಿದೀವಿ ಅಂತ ಲೆಟರ್ ತಗೊಳ್ಳಿ, ಗಿರಾಕಿಗಳಿಗೆ ಕೊಡೋಕೆ ಈ ಪಾಲಿಸೀಲಿ ಅವಕಾಶ ಇದೆ ಅಂತಾನೂ ಬರೆಸಿಕೊಳ್ಳಿ, ದುಡ್ಡು ಕೇಳೋದೇ ಆದ್ರೆ ಕಪ್ಪು ಬೋರ್ಡ್ ಗಾಡಿ ಕೊಡಿ ಅನ್ನಿ. ಟ್ರೇಡ್ ಸರ್ಟಿಫಿಕೇಟ್ ನಂಬರ್ ಹಾಕಿರೋ, ಇನ್ನೂ ರಿಜಿಸ್ಟರ್ ಆಗದೇ ಇರೋ ಗಾಡಿ ಕೊಟ್ರಂತೂ ಮುಟ್ಲೇಬೇಡಿ, ಆ ಸರ್ಟಿಫಿಕೇಟ್ ಇರೋದು ಟ್ರಯಲ್ಲು, ರಿಪೇರಿ ಟೆಸ್ಟು, ಡೆಲಿವರಿ ಇಂಥದಕ್ಕೆ, ನೀವು ದಿನಾ ಕಾಲೇಜಿಗೆ ಹೋಗೋಕಲ್ಲ.

ತಾಗಿಸಿದ್ರೆ ಯಾರು ಕೊಡ್ಬೇಕು ಅಂದ್ರೆ, ಅವರು ಸಹಿ ಹಾಕಿಸ್ಕೊಳ್ಳೋ ಫಾರಂನಲ್ಲಿ ಏನಿದೆಯೋ ಅದು. ಇನ್ಶೂರೆನ್ಸ್ ಇದೆಯಲ್ಲ ಅಂತ ಅವರು ಹೇಳಿದ್ರೆ ಅಷ್ಟಕ್ಕೇ ಬಿಡ್ಬೇಡಿ, ಝೀರೋ ಡೆಪ್ (ಭಾಗ ಹಳೇದಾಯ್ತು ಅಂತ ಬೆಲೆ ಕಡಿತ ಮಾಡದೇ ಇರೋ ಕವರ್) ಇದ್ಯಾ ಕೇಳಿ. ಇಲ್ಲ ಅಂದ್ರೆ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಅರ್ಧ ಬೆಲೆ ಕಡಿತ, ಬಂಪರ್ ಪ್ಲಾಸ್ಟಿಕ್ಕೇ ಅಲ್ವಾ. ಅದರ ಮೇಲೆ ಕಡ್ಡಾಯ ಕಡಿತ 1500 ಸಿಸಿ ತನಕ 1000 ರೂಪಾಯಿ, ಅದಕ್ಕಿಂತ ದೊಡ್ಡ ಎಂಜಿನ್ನಿಗೆ 2000. ಅದೂ ಸಾಲ್ದು ಅಂತ ಕ್ಲೇಮ್ ಮಾಡಿದ್ರಿಂದ ನಮ್ಮ ನೋ ಕ್ಲೇಮ್ ಬೋನಸ್ ಹೋಯ್ತು ಅಂತ ಅದನ್ನೂ ನಿಮ್ಮ ಲೆಕ್ಕಕ್ಕೆ ಹಾಕೋರಿದಾರೆ. ಸಹಿ ಹಾಕೋ ಮುಂಚೆ "ನನ್ನ ಹೊಣೆ ಇಂತಿಷ್ಟು ರೂಪಾಯಿ ಮೀರಲ್ಲ" ಅಂತ ಒಂದು ಸಾಲು ಪೆನ್ನಲ್ಲೇ ಬರೆಸಿ ಅವರ ಸಹಿ, ಸೀಲು ಹಾಕಿಸಿ. ನನ್ನ ಅನುಭವದಲ್ಲಿ ಕೇಳಿದೋರಿಗೆ ಬರೆದುಕೊಟ್ಟಿದಾರೆ, ಕೇಳೋರೇ ಕಮ್ಮಿ.

ಎದುರಿನೋರಿಗೆ ಏಟಾದ್ರೆ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಇದೆ, ಜೀವಹಾನಿಗೆ ಮಿತಿ ಇಲ್ಲ, ಆಸ್ತಿ ನಷ್ಟಕ್ಕೆ ಏಳೂವರೆ ಲಕ್ಷ ತನಕ. ಆದ್ರೆ ಓಡಿಸ್ತಿದ್ದ ನಿಮಗೇ ಏನಾದ್ರೂ ಆದ್ರೆ? ಇದನ್ನ ಯಾರೂ ಕೇಳಲ್ಲ, ನಂಗೆ ಸಂಕಟ ಆಗೋದೇ ಇಲ್ಲಿ. ನಮ್ಮ ರಾಜ್ಯದ್ದೇ ಒಂದು ಕೇಸು 2009ರಲ್ಲಿ ಸುಪ್ರೀಂ ಕೋರ್ಟ್ ತನಕ ಹೋಗಿತ್ತು. ಒಬ್ರು ಬೇರೆಯೋರ ಬೈಕ್ ಕೇಳಿ ತಗೊಂಡು ಇಳಕಲ್ ಕಡೆಯಿಂದ ತಮ್ಮ ಊರಿಗೆ ಹೊರಟಿದ್ರು, ಇಳಕಲ್ ಕುಷ್ಟಗಿ ಹೆದ್ದಾರೀಲಿ ಮುಂದೆ ಕಬ್ಬಿಣದ ಶೀಟ್ ತುಂಬಿದ್ದ ಎತ್ತಿನ ಗಾಡಿ ಹೋಗ್ತಿತ್ತು, ಅದು ಏಕಾಏಕಿ ನಿಂತು, ಇವರು ಅದಕ್ಕೆ ಗುದ್ದಿ ತೀರಿಕೊಂಡ್ರು. ಹೆಂಡತಿ ಮಕ್ಕಳು ಆ ಬೈಕಿನ ಇನ್ಶೂರೆನ್ಸ್ ಕಂಪನಿಯಿಂದ ಪರಿಹಾರ ಕೇಳಿದ್ರೆ, ಗಾಡಿ ಕೇಳಿ ತಗೊಂಡೋನು ಮಾಲೀಕನ ಜಾಗದಲ್ಲೇ ನಿಂತ ಹಾಗೆ, ಮಾಲೀಕ ತನ್ನ ಮೇಲೆ ತಾನೇ ಕ್ಲೇಮ್ ಮಾಡೋಕಾಗಲ್ಲ, ಮೋಟಾರು ವಾಹನ ಕಾಯ್ದೆಯ ಆಗಿನ 163-ಎ ಕಲಮಲ್ಲಿ ಇದು ಬರಲ್ಲ ಅಂತ ಕೋರ್ಟ್ ಹೇಳ್ತು, ಬೇರೆ ಕಲಮಲ್ಲಿ ಸಿಗುತ್ತಾ ನೋಡಿ ಅಂತ ಹೈಕೋರ್ಟಿಗೆ ವಾಪಸ್ ಕಳಿಸ್ತು. 2020ರಲ್ಲಿ ಇನ್ನೊಂದು ಕೇಸಲ್ಲೂ ಸುಪ್ರೀಂ ಕೋರ್ಟ್ ಇದೇ ನಿಲುವು ತಗೊಂಡಿದೆ. ಕರ್ಟಸಿ ಕಾರೂ ಕೇಳಿ ತಗೊಂಡ ಗಾಡಿನೇ. ಮಾಲೀಕ-ಚಾಲಕರಿಗೆ ಅಂತ 15 ಲಕ್ಷದ ಅಪಘಾತ ವಿಮೆ ಇರುತ್ತಲ್ಲ, ಕಂಪನಿ ಹೆಸರಲ್ಲಿರೋ ಗಾಡಿಗೆ ಅದು ಇರೋದೇ ಇಲ್ಲ, ನಿಮ್ಮ ಇವಿ ಜೊತೆ ನೀವು ತಗೊಂಡಿರೋದು ನಿಮ್ಮ ಗಾಡಿಗೆ ಕಟ್ಟಿರೋದು. ಅದಕ್ಕೇ ನಿಮ್ಮದೇ ಹೆಸರಲ್ಲಿ ಒಂದು ಪರ್ಸನಲ್ ಆ್ಯಕ್ಸಿಡೆಂಟ್ ಪಾಲಿಸಿ ಇರ್ಲಿ, ಯಾವ ಗಾಡೀಲಿದ್ರೂ, ನಡ್ಕೊಂಡು ಹೋಗ್ತಿದ್ರೂ ಬರೋ ಅಂಥದ್ದು. ಗಾಡಿ ತಗೊಳ್ಳೋ ಮುಂಚೆ ಮಾಡಿಸಿ.

ಗಾಡಿ ಕೈಗೆ ಬರೋ ದಿನ ಹಗಲಲ್ಲೇ ಹೋಗಿ. ಸುತ್ತ ವಿಡಿಯೋ ತೆಗೀರಿ, ಬಂಪರ್ ಮೂಲೆ, ಅಲಾಯ್ ಅಂಚು, ಬಾಗಿಲ ಕೆಳಭಾಗ, ವಿಂಡ್‌ಶೀಲ್ಡು, ಸ್ಟೆಪ್ನಿ, ಜಾಕು. ಕಿಲೋಮೀಟರೂ ಪೆಟ್ರೋಲ್ ಮುಳ್ಳೂ ಒಂದೇ ಫೋಟೋದಲ್ಲಿ ಬರ್ಲಿ. ಕೊಟ್ಟ ಗಂಟೆ ನಿಮಿಷ ಫಾರಂನಲ್ಲಿ ಬರೆಸಿ, ಯಾಕಂದ್ರೆ ಇ-ಚಲನ್ ಬರೋದು ಮಾಲೀಕರ ಹೆಸರಿಗೆ, ಹಿಂದಿನೋರು ಸಿಗ್ನಲ್ ಜಂಪ್ ಮಾಡಿದ್ದು ನಿಮ್ಮ ತಲೆಗೆ ಬರ್ಬಾರ್ದು. ಆರ್‌ಸಿ, ಇನ್ಶೂರೆನ್ಸ್ ಜೊತೆ ಎಮಿಷನ್ ಸರ್ಟಿಫಿಕೇಟ್ ಕೇಳೋದು ಇವಿಯೋರು ಮರೆತೇಬಿಡ್ತಾರೆ, ನಮ್ಮ ಗಾಡಿಗೆ ಅದು ಬೇಕಾಗಿಲ್ಲವಲ್ಲ, ಪೆಟ್ರೋಲ್ ಗಾಡಿಗೆ ಬೇಕು, ಕಾಯ್ದೇಲಿ ದಂಡ 10,000 ರೂಪಾಯಿ ತನಕ ಇದೆ. ಬೆಂಗಳೂರಿಗೆ ಹೋಗೋದಿದ್ರೆ ಫಾಸ್ಟ್ಯಾಗ್ ಬ್ಯಾಲೆನ್ಸ್ ನೋಡಿ, ನಿಮ್ಮ ಟ್ಯಾಗ್ ಕಿತ್ತು ಇದಕ್ಕೆ ಹಚ್ಚೋ ಹಾಗಿಲ್ಲ, ವಾರ್ಷಿಕ ಪಾಸ್ ಮಾಡಿಸಿದ್ರೂ ಅದು ನಿಮ್ಮ ಗಾಡಿ ನಂಬರಿಗೆ ಮಾತ್ರ. ಟ್ಯಾಗ್ ಕೆಲಸ ಮಾಡ್ಲಿಲ್ಲ ಅಂದ್ರೆ ಯುಪಿಐಲಿ ಕಟ್ಟಿ, 2025ರ ನವೆಂಬರ್ 15ರಿಂದ ಅದಕ್ಕೆ ಟೋಲಿನ ಒಂದೂಕಾಲು ಪಟ್ಟು.

ಪೆಟ್ರೋಲ್ ಬಂಕಿಗೆ ಹೋಗಿ ಮೂರೂವರೆ ವರ್ಷ ಆಗಿರುತ್ತೆ ನೀವು. ಮುಚ್ಚಳದ ಒಳಗೆ ಏನು ಸ್ಟಿಕ್ಕರ್ ಇದೆ ನೋಡಿ, ಬಾಯಿಬಿಟ್ಟು "ಪೆಟ್ರೋಲ್" ಅಂತ ಹೇಳಿ, ಮೀಟರ್ ಸೊನ್ನೆ ನೋಡಿ. ತಪ್ಪಿ ಬೇರೆ ಹಾಕಿದ್ರೆ ಕೀ ತಿರುಗಿಸ್ಬೇಡಿ, ಅಲ್ಲಿಂದಾನೇ ತಳ್ಳಿ ಪಕ್ಕಕ್ಕೆ ಹಾಕಿಸಿ ಟ್ಯಾಂಕ್ ಖಾಲಿ ಮಾಡಿಸ್ಬೇಕು, ಎಂಜಿನ್ ಸ್ಟಾರ್ಟ್ ಆದ್ರೆ ಖರ್ಚು ಎಲ್ಲಿಗೋ ಹೋಗುತ್ತೆ. ಪುಶ್ ಬಟನ್ ಗಾಡಿ ಆದ್ರೆ ಇನ್ನೊಂದು ಎಚ್ಚರ, ನಿಲ್ಸಿ ಇಳಿದು ಹೋಗೋ ಇವಿ ಅಭ್ಯಾಸಕ್ಕೆ ಎಂಜಿನ್ ಆಫ್ ಮಾಡೋದೇ ಮರೆಯೋರಿದಾರೆ, ಮನೆ ಕೆಳಗಿನ ಮುಚ್ಚಿದ ಗ್ಯಾರೇಜಲ್ಲಿ ಎಂಜಿನ್ ಓಡ್ತಾ ಉಳಿದ್ರೆ ಕಾರ್ಬನ್ ಮಾನಾಕ್ಸೈಡ್ ಮನೆಯೊಳಗೆ ಬರುತ್ತೆ, ಅದಕ್ಕೆ ವಾಸನೆ ಇಲ್ಲ, ಜೀವ ತೆಗೆಯುತ್ತೆ. ನಿಲ್ಸಿದ ಮೇಲೆ ಫಸ್ಟ್ ಗೇರು, ಹ್ಯಾಂಡ್ ಬ್ರೇಕು, ಎಂಜಿನ್ ಆಫು, ಮೂರನ್ನೂ ಮುಟ್ಟಿ ನೋಡಿ ಇಳೀರಿ.

ನಿಮ್ಮ ಗಾಡಿ ಬಿಡುವಾಗ ಚಾರ್ಜ್ ಅರ್ಧದಷ್ಟಿದ್ರೆ ಸಾಕು, ಪರ್ಸೆಂಟು ಮತ್ತೆ ಕಿಲೋಮೀಟರ್ ಫೋಟೋ ಇರ್ಲಿ, ಚಾರ್ಜಿಂಗ್ ಕೇಬಲ್ ಅಲ್ಲೇ ಬಿಡೋದಾದ್ರೆ ಜಾಬ್ ಕಾರ್ಡಲ್ಲಿ ಬರೆಸಿ. ವಾಪಸ್ ತಗೊಳ್ಳುವಾಗ ಹೊಸ ಪ್ಯಾಕಿನ ಸೀರಿಯಲ್ ನಂಬರ್ ಮತ್ತು ಅದಕ್ಕೆ ಉಳಿದ ವಾರಂಟಿ ಎಷ್ಟು ಅಂತ ಬರವಣಿಗೇಲಿ ಕೇಳಿ, 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್ ವಾರಂಟಿ ಇರೋ ಗಾಡಿಗಳಲ್ಲಿ ಸಾಮಾನ್ಯವಾಗಿ ಮೊದಲ ಡೆಲಿವರಿ ದಿನದಿಂದಾನೇ ಎಣಿಕೆ ಮುಂದುವರಿಯುತ್ತೆ. ಕರ್ಟಸಿ ಕಾರು ಹಿಂದಿರುಗಿಸೋ ಮುಂಚೆ ಬ್ಲೂಟೂತಿಂದ ನಿಮ್ಮ ಫೋನ್ ಅಳಿಸಿ, ಕಾಂಟ್ಯಾಕ್ಟೆಲ್ಲ ಅದರಲ್ಲೇ ಉಳಿದಿರುತ್ತೆ, ಮ್ಯಾಪಲ್ಲಿ ಮನೆ ವಿಳಾಸ ಇದ್ರೆ ಅದನ್ನೂ. ಹ್ಯಾಂಡೋವರ್ ಆದ ಮೇಲೆ "ಯಾವ ಹಾನಿನೂ ಇಲ್ಲ" ಅಂತ ಸಹಿ ಹಾಕಿದ ಪ್ರತಿ ನಿಮ್ಮ ಕೈಲಿರ್ಲಿ.

ಕೊನೇದಾಗಿ, ಮೂರು ವಾರ ಕ್ಲಚ್ ಒತ್ತಿ ಒತ್ತಿ ಎಡಗಾಲು ಹೊಸ ಪಾಠ ಕಲ್ತಿರುತ್ತೆ. ನಿಮ್ಮ ಇವಿಲಿ ಕೂತ ಮೊದಲ ದಿನ ಗಾಡಿ ನಿಲ್ಸೋಕೆ ಹೋದಾಗ ಆ ಕಾಲು ಕ್ಲಚ್ ಹುಡುಕಿಕೊಂಡು ಬಂದು ಅಗಲವಾದ ಬ್ರೇಕ್ ಪೆಡಲನ್ನ ಪೂರ್ತಿ ತುಳಿಯುತ್ತೆ, ಗಾಡಿ ಗಕ್ಕನೆ ನಿಲ್ಲುತ್ತೆ, ಹಿಂದಿನೋನು ಬಂದು ಗುದ್ದುತ್ತಾನೆ. ಶೋರೂಮಿಂದ ಹೊರಡೋ ಮುಂಚೆ ಎಡಗಾಲನ್ನ ಪಕ್ಕದಲ್ಲಿ ಕಾಲಿಡೋಕೆ ಅಂತ ಇರೋ ಡೆಡ್ ಪೆಡಲ್ ಮೇಲಿಟ್ಟು, ಮನೆ ಮುಟ್ಟೋ ತನಕ ಅಲ್ಲಿಂದ ಎತ್ಬೇಡಿ.